ಚರಂಡಿಗೆ ಕೊಟ್ಟ ಬಾಗಿನ

ಅರ್ಜಿ ಬರೆಯುವ ವಿಷಯದಲ್ಲಿ ನನಗೆ ಸರಿಸಾಟಿಯಾದವರು ಚಾಮರಾಜಪೇಟೆಯ ಐದೂ ಮುಖ್ಯರಸ್ತೆಗಳಲ್ಲಿ ಯಾರೂ ಇಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ. ನಂಬಲು ಕಾರಣವೂ ಇತ್ತು. ಸರ್ಕಾರಿ ಕಚೇರಿಯೊಂದರಲ್ಲಿ ಮೂವತ್ತೆರಡು ವರ್ಷ ನಾನು ಮಾಡಿದ ಮುಖ್ಯ ಕೆಲಸ ಒಂದೇ: ಬಂದ ಅರ್ಜಿಗಳನ್ನು ವಾಪಸ್ ಕಳಿಸುವುದು. ‘ದಾಖಲೆ ಲಗತ್ತಿಸಿಲ್ಲ’, ‘ವಿಷಯ ಸ್ಪಷ್ಟವಿಲ್ಲ’, ‘ಸಹಿ ಹೊಂದುತ್ತಿಲ್ಲ’ ಎಂದು ನಾನು ಬರೆದ ಹಿಂಬರಹಗಳನ್ನು ಸಾಲಾಗಿ ಹಾಸಿದರೆ ನಮ್ಮ ಮನೆಯಿಂದ ಕೃಷ್ಣರಾಜ ಮಾರುಕಟ್ಟೆಯವರೆಗೆ ರಸ್ತೆಯೇ ಕಾಣಿಸುತ್ತಿರಲಿಲ್ಲ. ಅರ್ಜಿ ಎಲ್ಲೆಲ್ಲಿ ಮುಗ್ಗರಿಸುತ್ತದೆ ಎಂದು ಬಲ್ಲವನು, ಮುಗ್ಗರಿಸದ ಒಂದು ಅರ್ಜಿಯನ್ನು ಬರೆಯಲಾರನೇ? ನಿವೃತ್ತನಾದ ಮೇಲೆ ನನ್ನ ಜೀವನದ ಮೊಟ್ಟಮೊದಲ ಸ್ವಂತ ಅರ್ಜಿಯನ್ನು ಬರೆದೆ. ಆಗ ಏನಾಯಿತು ಎಂಬುದನ್ನು ಈಗ ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ.

ನಾವಿರುವುದು ಬಾಡಿಗೆ ಮನೆಯಲ್ಲಿ. ಮದುವೆಯಾದ ವರ್ಷ ಬಂದು ಸೇರಿಕೊಂಡದ್ದು. ಮನೆಯ ಮಾಲೀಕರಾದ ಸಾವಿತ್ರಮ್ಮನವರು ಮುಂಭಾಗದಲ್ಲಿದ್ದಾರೆ, ನಾವು ಹಿಂಭಾಗದಲ್ಲಿ. ಮನೆಗೆ ಒಂದೇ ಕೊರತೆ. ಅಡುಗೆಮನೆಗೆ ಕಿಟಕಿಯಿಲ್ಲ. ಹೊರಗೆ ಬಿಸಿಲು ಸುರಿಯುತ್ತಿದ್ದರೂ ನನ್ನ ಹೆಂಡತಿ ವಿಮಲಾ ಲೈಟ್ ಹಾಕಿಕೊಂಡೇ ಹುಳಿ ಕುದಿಸಬೇಕು. ಒಗ್ಗರಣೆ ಹಾಕಿದರೆ ಘಾಟು ನಡುಮನೆಗೆ ಬಂದು ನನ್ನ ಜೊತೆ ಪೇಪರ್ ಓದಲು ಕೂರುತ್ತದೆ. ಅವಳು ಗೊಣಗುವವಳಲ್ಲ. ವರ್ಷಕ್ಕೊಂದು ಸಲ ಮಾತ್ರ, “ನಮ್ಮದೂ ಅಂತ ಒಂದು ಮನೆ ಆದ್ರೆ ಒಲೆ ಮುಂದೆ ಒಂದು ಕಿಟಕಿ ಇಡಿಸ್ಕೊಡಿ. ಬೇರೇನೂ ಕೇಳಲ್ಲ” ಎನ್ನುತ್ತಿದ್ದಳು. ನಾನು, “ಆಗಲಿ, ಪರಿಶೀಲಿಸೋಣ” ಎನ್ನುತ್ತಿದ್ದೆ. ಹೀಗೆ ಮೂವತ್ತೈದು ವರ್ಷ ಪರಿಶೀಲಿಸಿದ್ದೆ!

ಮನೆ ಕಟ್ಟಲು ಜಾಗವೇನೋ ಇತ್ತು. ಗವಿಪುರದ ಆಚೆ ಇಳಿಜಾರಿನಲ್ಲಿ ಅವಳ ತಂದೆ ಅವಳ ಹೆಸರಿಗೆ ಬಿಟ್ಟುಹೋದ ಪುಟ್ಟ ಸೈಟು. ಮುಂದೆ ರಸ್ತೆ, ರಸ್ತೆಯಂಚಿಗೆ ಒಂದು ಹಳೆಯ ಹೊಂಗೆ ಮರ, ಹಿಂದೆ ಒಂದು ಕಾಲುವೆ. ತಕರಾರಿದ್ದದ್ದು ಈ ಕಾಲುವೆಯದೇ. ಕಾಲುವೆಯ ಅಂಚಿನಿಂದ ಇಷ್ಟು ಮೀಟರ್ ಬಿಟ್ಟೇ ಕಟ್ಟಬೇಕು ಎಂದು ನಿಯಮ. ಹಾಗೆ ಬಿಟ್ಟ ಜಾಗಕ್ಕೆ ಬಫರ್ ಎಂದು ಹೆಸರು. ಕಾಲುವೆಗಳಲ್ಲೂ ದರ್ಜೆಗಳಿವೆ. ದರ್ಜೆ ದೊಡ್ಡದಾದಷ್ಟೂ ಬಫರ್ ದೊಡ್ಡದು. ನಮ್ಮದು ನಕ್ಷೆಯ ಪ್ರಕಾರ ಮೂರನೆಯ ದರ್ಜೆ, ಅಂದರೆ ಕಾಲುವೆಗಳಲ್ಲಿ ಬಡಪಾಯಿ. ಆದರೂ ಅದಕ್ಕೆ ಬಿಡಬೇಕಾದದ್ದನ್ನು ಬಿಟ್ಟರೆ ನಮಗೆ ಉಳಿಯುತ್ತಿದ್ದದ್ದು ಒಂದು ಅಡುಗೆಮನೆಯಷ್ಟು ಜಾಗ. ಬರೀ ಅಡುಗೆಮನೆಯಲ್ಲಿ ಸಂಸಾರ ಮಾಡಲಾದೀತೇ? ನಿಯಮದಿಂದ ವಿಶೇಷ ವಿನಾಯಿತಿ ಕೋರಿ ಅರ್ಜಿ ಸಲ್ಲಿಸಲು ನಾನು ತೀರ್ಮಾನಿಸಿದೆ.

ಹನ್ನೊಂದು ಪುಟದ ಅರ್ಜಿ! ಬರೆದು ಮುಗಿಸಿದ ದಿನ ವಿಮಲಾಳನ್ನು ಎದುರಿಗೆ ಕೂರಿಸಿಕೊಂಡು ಓದುತ್ತ ಮೂರನೆಯ ಪುಟಕ್ಕೆ ಬಂದೆ.

“ಮಾನ್ಯರೇ, ತಮ್ಮ ಘನ ಅವಗಾಹನೆಗೆ ತರಬಯಸುವುದೇನೆಂದರೆ, ಸದರಿ ಕಾಲುವೆಯು ವಸ್ತುತಃ ಕಾಲುವೆಯಾಗಿರದೆ ಒಂದು ಯಃಕಶ್ಚಿತ್ ಚರಂಡಿಯಾಗಿದ್ದು, ಇದರಲ್ಲಿ ನೀರಿನ ಹರಿವನ್ನು ಕಂಡವರು ಹಾಲಿ ಯಾರೂ ಜೀವಂತವಿರುವುದಿಲ್ಲ…”

“ನಾನು ಕಂಡಿದೀನಲ್ರೀ” ಎಂದಳು ವಿಮಲಾ. “ಜೀವಂತವಾಗೂ ಇದೀನಿ.”

“ಅದು ಕಚೇರಿ ಭಾಷೆ ಕಣೇ. ಅಲ್ಲಿ ಹಾಗೇ ಬರೀಬೇಕು. ನಿನಗೆ ಗೊತ್ತಾಗಲ್ಲ.”

“ಗೊತ್ತಾಗಲ್ಲ ಬಿಡಿ” ಎಂದು ಅವಳು ಹುರಳಿಕಾಯಿ ಬಿಡಿಸಲು ಎದ್ದುಹೋದಳು. ಶ್ರೋತೃಗಳಿಲ್ಲದಿದ್ದರೂ ನಾನು ಉಳಿದ ಎಂಟು ಪುಟಗಳನ್ನು ಗಟ್ಟಿಯಾಗಿ ಓದಿ ಮುಗಿಸಿದೆ. ಅಷ್ಟು ಚೆನ್ನಾಗಿತ್ತು.

ಅರ್ಜಿ ಸಲ್ಲಿಸಿ ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬಂದ ಸಂಜೆಯೇ ಎರಡನೆಯ ಪ್ರಮಾದ ಮಾಡಿದೆ. ವಿನಾಯಿತಿ ಸಿಕ್ಕೇ ಸಿಗುವುದರಿಂದ, ಸೈಟಿನ ಹತ್ತಿರವೇ ಒಂದು ಚಿಕ್ಕ ಮನೆ ಬಾಡಿಗೆಗೆ ಹಿಡಿದು ಮೇಸ್ತ್ರಿಯ ಮೇಲೆ ಕಣ್ಣಿಡುವುದು ನನ್ನ ಯೋಜನೆ. ಹಾಗಾಗಿ ದಪ್ಪ ಕಾಗದದ ಮೇಲೆ, ಅಂಚಿಗೆ ಕೆಂಪು ಗೆರೆ ಎಳೆದು, ಸಾವಿತ್ರಮ್ಮನವರಿಗೆ ಒಂದು ಪತ್ರ ಬರೆದೆ. ಮುಂಬರುವ ದೀಪಾವಳಿಯ ದಿನದಂದು ಸದರಿ ವಸತಿಯನ್ನು ತೆರವುಗೊಳಿಸಿ ತಮ್ಮ ಸ್ವಾಧೀನಕ್ಕೆ ಒಪ್ಪಿಸಲಿದ್ದೇವೆ ಎಂದು ತಿಳಿಸಿ, ಕೈಯಾರೆ ಕೊಟ್ಟೆ. ಅವರು ಕನ್ನಡಕವಿಲ್ಲದೆ ಅದನ್ನು ದೂರ ಹಿಡಿದು ನೋಡಿ, “ಆಗಲಿ, ಒಳ್ಳೇದಾಗಲಿ” ಎಂದರು. ಇಷ್ಟು ವರ್ಷದ ಸಂಬಂಧಕ್ಕೆ ಕಣ್ಣಲ್ಲಿ ಒಂದು ಹನಿಯಾದರೂ ಬರಬಹುದೆಂದುಕೊಂಡಿದ್ದೆ. ಸ್ವಲ್ಪ ಬೇಜಾರಾಯಿತು.

ಕೆಲವು ವಾರಗಳ ಮೇಲೆ ಕಚೇರಿಯಿಂದ ಫೋನ್ ಬಂತು. ಎಂಜಿನಿಯರ್ ಒಬ್ಬರು ಸದ್ಯದಲ್ಲೇ ಸ್ಥಳ ಪರಿಶೀಲನೆಗೆ ಬರುತ್ತಾರಂತೆ. ಆಗ ನನ್ನ ತಲೆಗೆ ಮೂರನೆಯ ಐಡಿಯಾ ಹೊಳೆಯಿತು. ಚರಂಡಿ ಎಂದು ಬರೆದ ಮೇಲೆ ಅದು ಚರಂಡಿಯ ಹಾಗೆ ಸಣ್ಣದಾಗಿ, ಚೊಕ್ಕಟವಾಗಿ ಕಾಣಿಸಬೇಕಲ್ಲವೇ? ಇಬ್ಬರು ಆಳುಗಳನ್ನು ಕರೆಸಿ ಲಂಟಾನ ಪೊದೆ, ಪ್ಲಾಸ್ಟಿಕ್, ಹಳೇ ಚಪ್ಪಲಿ ಎಲ್ಲವನ್ನೂ ತೆಗೆಸಿದೆ. ಯಾರೋ ಪುಣ್ಯಾತ್ಮರು ಅಡ್ಡಡ್ಡಲಾಗಿ ಎಸೆದಿದ್ದ ಒಂದು ಹಾಸಿಗೆ ನಡುವೆ ಸಿಕ್ಕಿಕೊಂಡಿತ್ತು. ಅದನ್ನು ಎಳೆದದ್ದೇ ತಡ, ಅದರ ಹಿಂದೆ ಕಾದು ನಿಂತಿದ್ದ ಮಳೆನೀರು ಜುಳುಜುಳು ಎಂದು ಹರಿಯತೊಡಗಿತು!

“ಸಾರ್, ಇಲ್ಲಿ ಮೆಟ್ಲೈತೆ ಸಾರ್!” ಎಂದು ಕೂಗಿದ ಒಬ್ಬ ಆಳು.

ಹೌದು. ಕಸದ ಕೆಳಗೆ ನುಣುಪಾದ ಕಲ್ಲಿನ ನಾಲ್ಕು ಮೆಟ್ಟಿಲು. ಮೆಟ್ಟಿಲ ಪಕ್ಕ ಹಳೇ ಕಾಲದ ಒಂದು ಸರ್ವೆ ಕಲ್ಲು. ಅದು ಕಾಲುವೆಯ ಗಡಿ ತೋರಿಸುವ ಕಲ್ಲು. ಇದ್ದದ್ದು ನಾನು ನಡುಮನೆ ಎಂದು ಸುಣ್ಣದ ಪುಡಿಯಲ್ಲಿ ಗೆರೆ ಹಾಕಿ, ಒಂದು ಪ್ಲಾಸ್ಟಿಕ್ ಕುರ್ಚಿ ಇಟ್ಟುಕೊಂಡು ಕೂರುತ್ತಿದ್ದ ಜಾಗಕ್ಕೆ ಎರಡೇ ಹೆಜ್ಜೆಯಾಚೆ. ಇಷ್ಟು ವರ್ಷ ಯಾರ ಕಣ್ಣಿಗೂ ಬೀಳದೆ ತೆಪ್ಪಗಿದ್ದ ಕಲ್ಲನ್ನು ನಾನೇ ನಿಂತು ತೊಳೆಸಿದ್ದೆ.

ಬುತ್ತಿ ತಂದಿದ್ದ ವಿಮಲಾ ಆ ಮೆಟ್ಟಿಲುಗಳನ್ನೇ ನೋಡುತ್ತ ನಿಂತಳು. “ಅಜ್ಜಿ ಹೇಳ್ತಿದ್ರು ಕಣ್ರೀ. ಗೌರಿ ಹಬ್ಬದ ದಿನ ಕೇರಿ ಹೆಂಗಸರೆಲ್ಲಾ ಇಲ್ಲೇ ಬಂದು ಗಂಗೆ ಪೂಜೆ ಮಾಡ್ತಿದ್ರಂತೆ. ನಾನು ಸುಮ್ನೆ ಕಥೆ ಅಂದ್ಕೊಂಡಿದ್ದೆ.”

ನಾನು ಸರ್ವೆ ಕಲ್ಲಿನ ಮೇಲೆ ಮತ್ತೆ ಮಣ್ಣು ಎಳೆಸುವ ಗಡಿಬಿಡಿಯಲ್ಲಿದ್ದೆ. ಅವಳ ಮಾತಿಗೆ ಸರಿಯಾಗಿ ಕಿವಿಗೊಡಲಿಲ್ಲ. ಕೊಟ್ಟಿದ್ದರೆ ಈ ಬರಹಕ್ಕೆ ವಿಷಯವೇ ಇರುತ್ತಿರಲಿಲ್ಲ.

ಗೌರಿ ಹಬ್ಬ ಬಂತು. ಬಾಗಿನಕ್ಕೆ ಮೊರ ತರುವುದು ಪ್ರತಿವರ್ಷ ನನ್ನ ಪಾಲಿನ ಕೆಲಸ.

“ಐದು ಜೊತೆ ತಾನೆ?” ಎಂದೆ.

“ಆರು ತನ್ನಿ.”

“ಆರನೇದು ಯಾರಿಗೆ?”

“ಇದಾರೆ ಒಬ್ರು.”

ಮಾರುಕಟ್ಟೆಯ ಹೂವಿನ ರಾಶಿ, ತಲೆಹೊರೆಗಳ ನಡುವೆ ಆರು ಜೊತೆ ಮೊರ ಎತ್ತಿ ಹಿಡಿದು ಬಸ್ಸು ಹತ್ತಿದೆ. ಹಬ್ಬದ ಬೆಳಿಗ್ಗೆ ಎಂಜಿನಿಯರ್ ಫೋನ್ ಮಾಡಿದರು. “ಸರ್, ನಾಳೆ ಗಣೇಶನ ಹಬ್ಬಕ್ಕೆ ರಜೆ. ನಿಮ್ ಸೈಟ್ ಇವತ್ತೇ ನೋಡ್ಬಿಡ್ತೀನಿ. ಹತ್ತೂವರೆಗೆ ಬಂದ್ಬಿಡಿ.” ವಿಮಲಾಗೆ ಹೇಳೋಣವೆಂದರೆ ಮನೆಯಲ್ಲಿ ಅವಳಿಲ್ಲ. ಮುಂಭಾಗಕ್ಕೆ ಹೋದರೆ ಸಾವಿತ್ರಮ್ಮನವರ ಬಾಗಿಲಿಗೂ ಬೀಗ. ಬಾಗಿನ ಕೊಡಲು ಎಲ್ಲೋ ಹೋಗಿರಬೇಕೆಂದುಕೊಂಡು ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು, ಅರ್ಜಿಯ ನಕಲು ಕಂಕುಳಲ್ಲಿಟ್ಟುಕೊಂಡು ಆಟೋ ಹತ್ತಿದೆ.

ಬಾಗಿನ ಕೊಡಲೇ ಹೋಗಿದ್ದರು. ಎಲ್ಲಿಗೆ ಎಂಬುದು ಆಟೋ ಇಳಿದ ಮೇಲೆ ತಿಳಿಯಿತು.

ಕಾಲುವೆಯ ನಾಲ್ಕೂ ಮೆಟ್ಟಿಲಿಗೆ ರಂಗೋಲಿ. ಎರಡೂ ಕಡೆ ಬಾಳೆಕಂದು. ರೇಷ್ಮೆ ಸೀರೆಯುಟ್ಟ ಏಳು ಜನ ಹೆಂಗಸರು. ಸಾವಿತ್ರಮ್ಮನವರು ಕಣ್ಣು ಮುಚ್ಚಿ ಗಂಗೆಯ ಮೇಲೆ ಹಾಡು ಹೇಳುತ್ತಿದ್ದಾರೆ. ನಾನು ಮಣ್ಣು ಎಳೆಸಿದ್ದ ಸರ್ವೆ ಕಲ್ಲನ್ನು ಯಾರೋ ಮತ್ತೆ ತೊಳೆದು, ಅರಿಶಿನ ಕುಂಕುಮ ಹಚ್ಚಿ, ದಾಸವಾಳ ಮುಡಿಸಿದ್ದಾರೆ. ಕೊನೆಯ ಮೆಟ್ಟಿಲ ಮೇಲೆ ನನ್ನ ಧರ್ಮಪತ್ನಿ, ನಾನೇ ಬಸ್ಸಿನಲ್ಲಿ ಹೊತ್ತು ತಂದ ಆರನೆಯ ಮೊರವನ್ನು ಸೆರಗಿನಲ್ಲಿ ಹಿಡಿದು ಹರಿಯುವ ನೀರಿಗೆ ಬಾಗಿನ ಅರ್ಪಿಸುತ್ತಿದ್ದಾಳೆ!

ಹಿಂದೆ ಸ್ಕೂಟರ್ ನಿಂತ ಸದ್ದಾಯಿತು. ಎಂಜಿನಿಯರ್ ಸುಜಾತಾ ಮೇಡಂ. ನಲವತ್ತರ ಆಸುಪಾಸಿನ ಹೆಣ್ಣುಮಗಳು, ಒಂದು ಕೈಯಲ್ಲಿ ಹೆಲ್ಮೆಟ್, ಇನ್ನೊಂದರಲ್ಲಿ ನನ್ನ ಹನ್ನೊಂದು ಪುಟ.

“ಏನ್ ಸರ್ ಇದೆಲ್ಲಾ?”

“ಅದು… ಮನೆಯವರು… ಹಬ್ಬ ನೋಡಿ… ಸುಮ್ನೆ…” ಮೂವತ್ತೆರಡು ವರ್ಷದ ಕಚೇರಿ ಭಾಷೆಯಲ್ಲಿ ಒಂದು ಪದವೂ ನನ್ನ ನೆರವಿಗೆ ಬರಲಿಲ್ಲ.

ವಿಮಲಾ ಅವರನ್ನು ನೋಡಿದವಳೇ ಮೆಟ್ಟಿಲು ಹತ್ತಿ ಬಂದಳು. “ಬನ್ನಿ ಬನ್ನಿ. ಹಬ್ಬದ ದಿನ ಬಂದಿದೀರ. ಒಂದು ಬಾಗಿನ ತೊಗೊಳಿ.”

“ಅಯ್ಯೋ ಬೇಡಮ್ಮ. ಡ್ಯೂಟಿ ಮೇಲೆ ಬಂದಿದೀನಿ, ಏನೂ ತೊಗೊಳೋ ಹಾಗಿಲ್ಲ. ಅರಿಶಿನ ಕುಂಕುಮ ಕೊಡಿ ಸಾಕು” ಎಂದು ಕುಂಕುಮ ಇಟ್ಟುಕೊಂಡು, ಅಂಗೈಯಗಲ ಮಲ್ಲಿಗೆ ಮುಡಿದುಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು, “ಆ ಕೆಳಗಿನ ಮೊರ ಯಾರಿಗಮ್ಮ?”

“ಗಂಗಮ್ಮನಿಗೆ. ನಮ್ಮ ಸೈಟ್ ಹಿಂದೇನೇ ತುಂಬಿ ಹರೀತಿದಾಳೆ, ಬರಿಗೈಲಿ ಕಳಿಸೋಕಾಗುತ್ತಾ?”

ಮೇಡಂ ಅರ್ಜಿಯ ಮೂರನೆಯ ಪುಟ ತೆರೆದರು. ಸ್ಪಷ್ಟವಾದ ಉಚ್ಚಾರಣೆ ಅವರದು. “ಇದರಲ್ಲಿ ನೀರಿನ ಹರಿವನ್ನು ಕಂಡವರು ಹಾಲಿ ಯಾರೂ ಜೀವಂತವಿರುವುದಿಲ್ಲ.”

ಹಾಡು ನಿಂತಿತು. ಏಳು ಜನ ಹೆಂಗಸರು ನನ್ನ ಕಡೆ ತಿರುಗಿದರು.

“ನಾವೆಲ್ಲಾ ಸತ್ತಿದೀವಾ ಮೂರ್ತಿಯವರೇ?” ಎಂದು ಸಾವಿತ್ರಮ್ಮನವರು ಬಹಳ ಸಮಾಧಾನದಿಂದ ಕೇಳಿದರು.

ಆ ಹಾಸಿಗೆಯನ್ನು ಎಲ್ಲಿ ಎಸೆದರೋ, ಸಿಕ್ಕಿದ್ದರೆ ಅದರ ಕೆಳಗೆ ಮಲಗಿಬಿಡುತ್ತಿದ್ದೆ.

“ಸರ್, ನಾನು ಸರ್ವೀಸಿಗೆ ಸೇರಿದಾಗಿಂದ ಎಷ್ಟೋ ಚರಂಡಿ ನೋಡಿದೀನಿ” ಎಂದರು ಮೇಡಂ. “ಚರಂಡಿಗೆ ಬಾಗಿನ ಕೊಟ್ಟೋರನ್ನ ನೋಡಿಲ್ಲ.” ನಂತರ ವಿಮಲಾ ಕಡೆ ತಿರುಗಿ, “ಜೋರು ಮಳೆ ಬಂದ್ರೆ ನೀರು ಎಲ್ಲೀವರೆಗೂ ಬರುತ್ತಮ್ಮ?” ಎಂದು ಕೇಳಿದರು.

ನಾನು ಹುಬ್ಬು ಹಾರಿಸಿದೆ. ಕೆಮ್ಮಿದೆ. ಕೈಬೆರಳಲ್ಲಿ ‘ಸ್ವಲ್ಪ’ ಎಂದು ತೋರಿಸಿದೆ. ವಿಮಲಾ ನನ್ನನ್ನು ನೋಡಿದಳು, ನೀರನ್ನು ನೋಡಿದಳು. ಆಮೇಲೆ, “ಆ ಹೊಂಗೆ ಮರದ ಬುಡದವರೆಗೂ ಬಂದಿದ್ದನ್ನ ಚಿಕ್ಕವಳಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ನೋಡಿದೀನಿ” ಎಂದಳು. ಹೊಂಗೆ ಮರ ಸೈಟಿನ ಆ ತುದಿಗಿದೆ. ಅಂದರೆ ಇಡೀ ಸೈಟು!

ಮೇಡಂ ದಾಸವಾಳ ಸರಿಸಿ ಸರ್ವೆ ಕಲ್ಲಿನ ಗುರುತು ನೋಡಿದರು, ಟೇಪು ಹಿಡಿದು ಅಳೆದರು, ಮೆಟ್ಟಿಲುಗಳ ಫೋಟೋ ತೆಗೆದರು. ಹೊರಡುವಾಗ ನನಗೆ ಕೈಮುಗಿದು, “ಕಾಲುವೆ ಕ್ಲೀನ್ ಮಾಡಿಸಿದ್ದಕ್ಕೆ ತುಂಬಾ ಥ್ಯಾಂಕ್ಸ್ ಸರ್. ಇಲ್ದಿದ್ರೆ ಆ ಕಲ್ಲು ಸಿಕ್ತಾನೇ ಇರ್ಲಿಲ್ಲ” ಎಂದರು. ವ್ಯಂಗ್ಯವಾಗಿ ಹೇಳಲಿಲ್ಲ. ಅದೇ ಹೆಚ್ಚು ನೋವಾಯಿತು.

ಎರಡು ವಾರಕ್ಕೆ ಹಿಂಬರಹ ಬಂತು. ‘ತಾವು ಕೋರಿರುವ ವಿನಾಯಿತಿಗೆ ಅವಕಾಶವಿರುವುದಿಲ್ಲ. ಸ್ಥಳ ಪರಿಶೀಲನೆಯಲ್ಲಿ ಕಂಡುಬಂದ ಅಂಶಗಳ ಮೇರೆಗೆ ಸದರಿ ಕಾಲುವೆಯನ್ನು ಎರಡನೆಯ ದರ್ಜೆಗೆ ಏರಿಸಲು ಶಿಫಾರಸು ಮಾಡಲಾಗಿದೆ.’ ನಾನು ಅರ್ಜಿ ಹಾಕಿ ಕಾಲುವೆಗೆ ಬಡ್ತಿ ಕೊಡಿಸಿದ್ದೆ! ನನ್ನ ಸರ್ವೀಸಿನಲ್ಲಿ ನನಗೇ ಸಿಕ್ಕಿದ್ದು ಒಂದೇ ಬಡ್ತಿ. ಅರ್ಜಿ ಹಾಕುವ ಮೊದಲು ಅಡುಗೆಮನೆಯಷ್ಟಾದರೂ ಜಾಗವಿತ್ತು. ಈಗ ಒಂದು ತುಳಸಿಕಟ್ಟೆಗೂ ಇಲ್ಲ.

ವಿಮಲಾಳ ಮೇಲೆ ಸಿಟ್ಟು ಮಾಡಿಕೊಂಡು ಮೂರು ದಿನ ಮಾತು ಬಿಟ್ಟೆ. ನಾಲ್ಕನೆಯ ದಿನ ಅವಳೇ ಕಾಫಿ ತಂದಿಟ್ಟು, “ಕಣ್ಣಾರೆ ಕಂಡಿದ್ದನ್ನ ಇಲ್ಲ ಅನ್ನೋಕೆ ನನಗೆ ಬಾಯಿ ಬರಲಿಲ್ಲ ರೀ. ನನಗೂ ಆ ಮನೆ ಬೇಕಾಗಿತ್ತು” ಎಂದಳು. ಅಷ್ಟು ಹೇಳಿ ಒಳಗೆ ಹೋಗಿ ಲೈಟ್ ಹಾಕಿದಳು. ಬೆಳಿಗ್ಗೆ ಒಂಬತ್ತು ಗಂಟೆ. ಆ ಸ್ವಿಚ್ಚಿನ ಟಕ್ ಎಂಬ ಸದ್ದು ಕೇಳಿ ನನ್ನ ಸಿಟ್ಟೆಲ್ಲ ಇಳಿದುಹೋಯಿತು.

ಆಯುಧಪೂಜೆ ಕಳೆದ ವಾರ ಒಂದು ದಿನ ಮಧ್ಯಾಹ್ನ ಊಟದ ಹೊತ್ತಿಗೆ ಮಳೆ ಹಿಡಿಯಿತು. ಮೂರು ಗಂಟೆಯ ಹೊತ್ತಿಗೆ ನಮ್ಮ ರಸ್ತೆಯೇ ಹೊಳೆಯಾಗಿತ್ತು. ನಾಲ್ಕಕ್ಕೆ ಸ್ವಲ್ಪ ಬಿಡುವು ಕೊಟ್ಟಾಗ ವಿಮಲಾ ಕೊಡೆ ತೆಗೆದುಕೊಂಡಳು. “ಬನ್ನಿ, ಒಂದ್ಸಲ ನೋಡ್ಕೊಂಡು ಬರೋಣ.”

ಸೈಟಿನ ಎದುರು ಜನ ಗುಂಪುಗೂಡಿದ್ದರು. ಸೈಟು ಇರಲಿಲ್ಲ. ಕಂದು ಬಣ್ಣದ ನೀರು ಮೆಟ್ಟಿಲು, ಸರ್ವೆ ಕಲ್ಲು, ಸುಣ್ಣದ ಗೆರೆ ಎಲ್ಲವನ್ನೂ ನುಂಗಿ ಹೊಂಗೆ ಮರದ ಬುಡಕ್ಕೆ ಬಂದು ನಿಂತಿತ್ತು. ಬುಡ ಎಂದರೆ ಬುಡ, ಒಂದು ಗೇಣು ಆಚೆಯಿಲ್ಲ ಈಚೆಯಿಲ್ಲ. ನಾನು ನಡುಮನೆಯಲ್ಲಿಟ್ಟಿದ್ದ ಪ್ಲಾಸ್ಟಿಕ್ ಕುರ್ಚಿ ಎರಡು ಸುತ್ತು ಸುತ್ತಿ, ಯಾವ ವಿನಾಯಿತಿಯನ್ನೂ ಕೇಳದೆ ಮೈಸೂರು ರಸ್ತೆಯ ಕಡೆಗೆ ಹೊರಟಿತು.

ಸುಜಾತಾ ಮೇಡಂ ಅಲ್ಲಿದ್ದರು. ರೇನ್‌ಕೋಟು ಹಾಕಿಕೊಂಡು, ಜನರನ್ನು ಹಿಂದಕ್ಕೆ ಕಳಿಸುತ್ತಿದ್ದರು. ನಮ್ಮನ್ನು ನೋಡಿ ಮರದ ಕಡೆ ಬೆರಳು ತೋರಿಸಿ, “ಅಮ್ಮ, ನೀವು ಹೇಳಿದ ಮರ” ಎಂದರು, ಅಷ್ಟೇ.

ಆ ಅಡುಗೆಮನೆ, ಆ ಕಿಟಕಿ, ಆ ಕಿಟಕಿಯ ಮುಂದೆ ನಿಂತು ಸಂಜೆಯ ಕಾಫಿಗೆ ಹಾಲು ಕಾಯಿಸುತ್ತಿರುವ ಇವಳು. ಎಲ್ಲವೂ ಒಮ್ಮೆ ಕಣ್ಣ ಮುಂದೆ ಬಂದು ಹೋಯಿತು. ನನ್ನ ಅರ್ಜಿ ಗೆದ್ದಿದ್ದರೆ! ದೇವರೇ, ಅದು ಎಷ್ಟು ಚೆನ್ನಾಗಿ ಬರೆದ ಅರ್ಜಿ! ಅದನ್ನು ನಂಬದ ಆ ಹೆಣ್ಣುಮಗಳಿಗೂ, ಅದನ್ನು ಕೆಡಿಸಿದ ನನ್ನ ಹೆಂಡತಿಗೂ ಅಲ್ಲೇ ರಸ್ತೆಯಲ್ಲೇ ಕೈಮುಗಿಯಬೇಕೆನಿಸಿತು. ಕೊಡೆ ಹಿಡಿದಿದ್ದರಿಂದ ಆಗಲಿಲ್ಲ. ವಿಮಲಾಳ ಕೈ ಹಿಡಿದುಕೊಂಡೆ. ಮದುವೆಯಾದ ಮೇಲೆ ರಸ್ತೆಯಲ್ಲಿ ಕೈ ಹಿಡಿದದ್ದು ಅದೇ ಮೊದಲು. “ಬಿಡಿ ರೀ, ಜನ ನೋಡ್ತಿದಾರೆ” ಎಂದಳು. ಬಿಡಿಸಿಕೊಳ್ಳಲಿಲ್ಲ.

ಮನೆಗೆ ಬಂದು ಬಟ್ಟೆ ಬದಲಿಸುವಾಗ ನೆನಪಾಯಿತು. ಯಾವ ಮನೆ? ದೀಪಾವಳಿಗೆ ಖಾಲಿ ಮಾಡುತ್ತೇವೆಂದು ಬರೆದುಕೊಟ್ಟಾಗಿದೆ! ದೀಪಾವಳಿಗೆ ಇನ್ನು ಎರಡು ವಾರವೂ ಇರಲಿಲ್ಲ. ಸಾವಿತ್ರಮ್ಮನವರು ಬೇರೆ ಯಾರಿಗಾದರೂ ಮಾತು ಕೊಟ್ಟುಬಿಟ್ಟಿದ್ದರೆ? ಒದ್ದೆ ತಲೆಯಲ್ಲೇ ಮುಂಭಾಗಕ್ಕೆ ಓಡಿದೆ. ವಿಮಲಾ ಹಿಂದೆಯೇ ಬಂದಳು.

“ಅಮ್ಮ, ನಾನು ಕೊಟ್ಟಿದ್ದ ಪತ್ರದ ವಿಷಯ…”

“ಯಾವ ಪತ್ರ?” ಸ್ವಲ್ಪ ಯೋಚಿಸಿ ಸಾವಿತ್ರಮ್ಮನವರ ಮುಖ ಅರಳಿತು. “ಓ, ಕೆಂಪು ಗೆರೆದಾ! ನಾಲ್ಕು ಸಾಲು ಓದಿದೆ, ಏನೂ ಅರ್ಥ ಆಗ್ಲಿಲ್ಲ. ಏನೋ ಅಭಿನಂದನಾ ಪತ್ರ ಇರ್ಬೇಕು ಅಂದ್ಕೊಂಡೆ. ಒಳ್ಳೆ ದಪ್ಪ ಕಾಗದ. ಉಪ್ಪಿನಕಾಯಿ ಭರಣಿ ಕೆಳಗೆ ಹಾಸಿದೀನಿ, ಎಣ್ಣೆ ಒಂಚೂರೂ ಇಳಿದಿಲ್ಲ.”

ನನ್ನ ಕನ್ನಡ ಯಾರಿಗೂ ಅರ್ಥವಾಗದ್ದಕ್ಕೆ ನಾನು ಜೀವನದಲ್ಲಿ ಮೊದಲ ಬಾರಿಗೆ ಕೃತಜ್ಞನಾದೆ. ವಿಷಯ ಬಿಡಿಸಿ ಹೇಳಿದೆ. ಅವರು ಸೊಂಟದ ಮೇಲೆ ಕೈಯಿಟ್ಟುಕೊಂಡು ಕೇಳಿದರು.

“ಅಲ್ಲಾ, ಇಷ್ಟೆಲ್ಲಾ ಯಾಕೆ ಮಾಡೋಕೆ ಹೋದ್ರಿ?”

“ಇವಳಿಗೆ ಒಲೆ ಮುಂದೆ ಒಂದು ಕಿಟಕಿ ಬೇಕಾಗಿತ್ತಮ್ಮ.”

“ಕಿಟಕಿ?” ಅವರು ನನ್ನನ್ನು ನೋಡಿದರು, ವಿಮಲಾಳನ್ನು ನೋಡಿದರು. “ಹಿತ್ತಲ ಕಡೆ ಗೋಡೆ ಒಡೆದು ಒಂದು ಕಿಟಕಿ ಇಡಿಸ್ಕೊಳೋಕೆ ನಾನು ಯಾವತ್ತು ಬೇಡ ಅಂದೆ? ಮೂವತ್ತೈದು ವರ್ಷ ಆಯ್ತು, ಒಂದು ದಿನ ಬಾಯ್ಬಿಟ್ಟು ಕೇಳಿದೀರಾ? ಊರಿಗೆಲ್ಲಾ ಅರ್ಜಿ ಬರೀತೀರ, ನಾನು ಹತ್ತು ಹೆಜ್ಜೆ ದೂರದಲ್ಲಿದೀನಿ!”

ಮೇಸ್ತ್ರಿಯನ್ನು ಮಾರನೆಯ ದಿನವೇ ಅವರೇ ಕರೆಸಿದರು. ದೀಪಾವಳಿಯ ಬೆಳಿಗ್ಗೆ, ನಾವು ಮನೆ ಖಾಲಿ ಮಾಡಬೇಕಾಗಿದ್ದ ದಿನ, ವಿಮಲಾ ಲೈಟ್ ಹಾಕದೆ ಒಬ್ಬಟ್ಟು ಬೇಯಿಸಿದಳು. ಹಿತ್ತಲ ನುಗ್ಗೆಮರದ ನಡುವಿಂದ ಬಿಸಿಲು ನೇರವಾಗಿ ಕಾವಲಿಯ ಮೇಲೆ ಬೀಳುತ್ತಿತ್ತು. ಅವಳು ನನಗೆ ಎರಡು ಒಬ್ಬಟ್ಟು ಹೆಚ್ಚಿಗೆ ಬಡಿಸಿದಳು.

ಇಷ್ಟೆಲ್ಲ ಆದ ಮೇಲೆ ಸುಮ್ಮನಿರಲಾದೀತೇ? ಸುಜಾತಾ ಮೇಡಂ ಕಚೇರಿಗೆ ಒಂದು ಕೃತಜ್ಞತಾ ಪತ್ರ ಬರೆದೆ. ಈ ಸಲ ಆರೇ ಪುಟ. ತಮ್ಮ ಕಚೇರಿಯು ನಮ್ಮ ಕೋರಿಕೆಯನ್ನು ತಿರಸ್ಕರಿಸುವ ಮೂಲಕ ಎರಡು ಜೀವಗಳನ್ನು ಉಳಿಸಿರುವುದಕ್ಕೆ ನಾವು ಆಜೀವ ಋಣಿಗಳಾಗಿರುತ್ತೇವೆ ಎಂದು ಮನಸ್ಸು ಬಿಚ್ಚಿ ಬರೆದೆ. ಬರೆಯುವಾಗ ಕಣ್ಣು ತೇವವಾಗಿತ್ತು. ಅದರಲ್ಲಿ ಸುಳ್ಳು ಒಂದೂ ಇರಲಿಲ್ಲ.

ಇಪ್ಪತ್ತು ದಿನಕ್ಕೆ ಉತ್ತರ ಬಂತು. ಮೇಡಂ ಬರೆದದ್ದಲ್ಲ, ಟಪಾಲು ವಿಭಾಗದಲ್ಲಿ ನನ್ನಂಥ ಒಬ್ಬ ಮಹಾನುಭಾವ ಕೂತಿರಬೇಕು. ನನ್ನ ಪತ್ರವನ್ನೇ ವಾಪಸ್ ಕಳಿಸಿ, ಮೇಲೆ ಹಿಂಬರಹ ಬರೆದಿದ್ದ:

‘ಸದರಿ ಪತ್ರದಲ್ಲಿ ಕೋರಿಕೆ ಏನೆಂಬುದು ಸ್ಪಷ್ಟವಿಲ್ಲ. ಕೃತಜ್ಞತೆಗೆ ಸಂಬಂಧಿಸಿದ ದಾಖಲೆಗಳನ್ನು ಲಗತ್ತಿಸಿರುವುದಿಲ್ಲ. ಹಿಂದಿರುಗಿಸಲಾಗಿದೆ.’

ಎರಡು ಸಲ ಓದಿದೆ. ಒಂದು ತಪ್ಪಿಲ್ಲ. ನಾನಾಗಿದ್ದರೂ ಅದನ್ನೇ ಬರೆಯುತ್ತಿದ್ದೆ, ಬಹುಶಃ ಸಹಿಯ ಮೇಲೂ ಒಂದು ತಕರಾರು ತೆಗೆಯುತ್ತಿದ್ದೆ. ವಿಮಲಾಗೆ ತೋರಿಸಿದೆ. ಅವಳು ಕಿಟಕಿಯ ಬೆಳಕಿಗೆ ಹಿಡಿದು ನಿಧಾನವಾಗಿ ಓದಿದಳು. ಬೆರಳಲ್ಲಿ ಕಾಗದದ ಅಂಚು ಉಜ್ಜಿ ನೋಡಿದಳು. ಆಮೇಲೆ ಕಿಟಕಿ ಕೆಳಗಿನ ಗೂಡಿನಿಂದ ಎಣ್ಣೆ ಡಬ್ಬಿ ಎತ್ತಿ, ನನ್ನ ಆರೂ ಪುಟಗಳನ್ನು ನೀಟಾಗಿ ಮಡಿಸಿ ಅದರ ಕೆಳಗೆ ಹಾಸಿದಳು.

“ಸಾವಿತ್ರಮ್ಮನವರು ಹೇಳಿದ್ದು ಸರಿ ಕಣ್ರೀ” ಎಂದಳು. “ನಿಮ್ಮ ಕಾಗದ ಒಳ್ಳೆ ದಪ್ಪ.”